ಹೂವು ಅಳಿಸಿದ ಚೆಂಡು

"ಯಾರೂ ಮುಟ್ಟಬೇಡಿ, ಅದು ಸಾಕ್ಷಿ" ಎಂದು ವಕೀಲರು ಹೇಳಿದ್ದರು. ಹೇಳದಿದ್ದರೂ ಮುಟ್ಟುವ ಧೈರ್ಯ ಯಾರಿಗೂ ಇದ್ದಂತಿರಲಿಲ್ಲ.

ಗಾಲ್ಫ್ ಕ್ಲಬ್ಬಿನ ಸಭೆಯ ಕೋಣೆಯಲ್ಲಿ, ಉದ್ದನೆಯ ಮೇಜಿನ ನಡುವೆ, ಒಂದು ಸಾಸರಿನಲ್ಲಿ ಆ ಚೆಂಡು ಕೂತಿತ್ತು. ಬಿಳಿ ಚೆಂಡು, ಸುತ್ತ ತೆಳುವಾದ ನೇರಳೆ ಗೆರೆ. ಗೆರೆಯ ಮೇಲೆ ಒಂದು ಪುಟ್ಟ ಹೂವಿತ್ತು. ಯಾರೋ ಅದನ್ನು ಉಜ್ಜಿ ಅಳಿಸಿದ್ದರು. ಎರಡು ಎಸಳು ಮಾತ್ರ ಉಳಿದಿದ್ದವು.

ಭಾನುವಾರ ಬೆಳಿಗ್ಗೆ ಇದೇ ಚೆಂಡು ಮೈದಾನದ ಗೋಡೆ ಹಾರಿ, ರಸ್ತೆಯಲ್ಲಿ ಹೋಗುತ್ತಿದ್ದ ಬ್ರೆಡ್ ವ್ಯಾನಿನ ಗಾಜು ಒಡೆದಿತ್ತು. ಡ್ರೈವರನ ಹಣೆಗೆ ಏಳು ಹೊಲಿಗೆ ಬಿದ್ದಿದ್ದವು. ಅವನು ಪಟ್ಟಿ ಕಟ್ಟಿಕೊಂಡು ಬಾಗಿಲ ಬಳಿ ಕುಳಿತಿದ್ದ.

"ಯಾರು ಅಂತ ಗೊತ್ತಾದ್ರೆ ಸಾಕು ಸರ್. ಅವತ್ತೇ ಬಂದು ತಪ್ಪಾಯ್ತು ಅಂದಿದ್ರೆ ನಾನು ಇಲ್ಲಿಗೆ ಬರ್ತಾನೇ ಇರ್ಲಿಲ್ಲ."

ವಿಚಾರಣೆಗೆ ಕೂತವರು ಮೂವರು. ನಡುವೆ ಅಧ್ಯಕ್ಷರು. ನಿವೃತ್ತ ಪೊಲೀಸ್ ಅಧಿಕಾರಿ, ಭರ್ಜರಿ ಮೀಸೆ, ಎಲ್ಲರ ಬಾಯಲ್ಲೂ 'ಸಾಹೇಬರು'. ಎಡಕ್ಕೆ ವಕೀಲರು, ಬಲಕ್ಕೆ ಹಲ್ಲಿನ ಡಾಕ್ಟರು. ಆ ಬೆಳಿಗ್ಗೆ ಮೂವರೂ ಒಟ್ಟಿಗೆ ಆಡಿದ್ದರು. ಅವರನ್ನೂ ಹುಲ್ಲು ಕತ್ತರಿಸುವ ಆಳನ್ನೂ ಬಿಟ್ಟರೆ ಆಗ ಮೈದಾನದಲ್ಲಿದ್ದದ್ದು ಆಟ ಕಲಿಸುವ ಕೋಚ್ ಮೇಡಂ ಒಬ್ಬರೇ.

ಗೆರೆ ಬೇರೆ ಚೆಂಡುಗಳಿಗೂ ಇರುತ್ತದೆ; ಹೂವಿದ್ದರೆ ಅದು ಹೆಂಗಸರಿಗೆಂದೇ ಮಾರುವ ಚೆಂಡು. ಮೈದಾನದಲ್ಲಿದ್ದ ಹೆಂಗಸು ಒಬ್ಬರೇ. ಇದಕ್ಕೆ ಪತ್ತೇದಾರರೇನೂ ಬೇಕಿರಲಿಲ್ಲ. ಹೊಡೆದು ಬಾಯಿ ಮುಚ್ಚಿಕೊಂಡಿದ್ದರೆಂದು ಸಾಬೀತಾದರೆ ಮೇಡಂ ಕೆಲಸ ಹೋಗುತ್ತದೆ. ಕೆಲಸದ ಹಿಂದೆಯೇ, ಹಾಸಿಗೆ ಹಿಡಿದ ತಾಯಿಯೊಂದಿಗೆ ಅವರಿದ್ದ ಕ್ಲಬ್ಬಿನ ಎರಡು ಕೋಣೆಯ ಮನೆಯೂ ಹೋಗುತ್ತದೆ.

"ನಮ್ಮ ಅಂಗಡಿಯಲ್ಲಿ ಈ ಚೆಂಡು ತಗೊಳ್ಳೋದು ನೀವೊಬ್ರೇ" ಎಂದರು ವಕೀಲರು. "ತಿಂಗಳಿಗೆ ನಾಲ್ಕು ಡಬ್ಬಿ. ಸುಳ್ಳಾ?"

"ನಿಜ ಸರ್."

"ಮತ್ತೆ?"

"ಭಾನುವಾರ ನಾನು ಹೊಡೆದಿಲ್ಲ."

"ಹಾಗಾದ್ರೆ ಯಾರು ಹೊಡೆದ್ರು?"

ಮೇಡಂ ಮೂವರ ಮುಖವನ್ನೂ ಒಮ್ಮೆ ನೋಡಿದರು. "ಯಾರು ಅಂತ ನನಗೆ ಗೊತ್ತಿಲ್ಲ ಸರ್."

ಸಾಹೇಬರು ಕಣ್ಣು ತಪ್ಪಿಸಿದರು. ಅವಳಿಗೆ ಗೊತ್ತು. ಗೊತ್ತಿದ್ದೂ ತಮಗಾಗಿ ಸುಳ್ಳು ಹೇಳುತ್ತಿದ್ದಾಳೆ.

ಎರಡು ವರ್ಷದ ಹಿಂದೆ ಸಾಹೇಬರ ಚೆಂಡು ಮೈದಾನದ ನಡುವಿನ ಕೊಳ ದಾಟುವುದನ್ನೇ ನಿಲ್ಲಿಸಿತ್ತು. ವಯಸ್ಸು ಮೀಸೆಗೆ ಹೆದರುವುದಿಲ್ಲ. ಒಂದು ಸಂಜೆ ಮೇಡಂ ಸಾಹೇಬರನ್ನು ಪಕ್ಕಕ್ಕೆ ಕರೆದು ನೇರಳೆ ಗೆರೆಯ ಚೆಂಡೊಂದನ್ನು ಕೈಗಿಟ್ಟಿದ್ದರು. "ಇದು ಮೆತ್ತಗಿದೆ ಸರ್. ನಿಧಾನಕ್ಕೆ ಹೊಡೆದ್ರೂ ದೂರ ಹೋಗತ್ತೆ. ಯಾರಿಗೂ ಹೇಳಲ್ಲ, ಮಾತು ಕೊಡ್ತೀನಿ." ಚೆಂಡು ಕೊಳ ದಾಟಿತ್ತು. ಸಾಹೇಬರಿಗೆ ಅಂದು ರಾತ್ರಿ ಊಟ ರುಚಿಸಿತ್ತು. ಅಂದಿನಿಂದ ತಿಂಗಳಿಗೊಂದು ಡಬ್ಬಿ, ಪೇಪರಿನಲ್ಲಿ ಸುತ್ತಿ, ಮೇಡಂ ಕೈಯಿಂದಲೇ ಬರುತ್ತಿತ್ತು. ಹೂವನ್ನು ಅಳಿಸುವ ಕೆಲಸ ಬಚ್ಚಲುಮನೆಯಲ್ಲಿ ನಡೆಯುತ್ತಿತ್ತು, ಹೆಂಡತಿ ಉಗುರಿನ ಬಣ್ಣ ತೆಗೆಯುವ ದ್ರವದಿಂದ. "ಉಗುರಿಗೆ ಬಣ್ಣ ಹಚ್ಚೋದು ನಾನು, ಬಾಟ್ಲಿ ಖಾಲಿ ಮಾಡೋದು ನೀವು. ಏನ್ರೀ ಇದು?" ಎಂದು ಆಕೆ ಕೇಳಿದ್ದೂ ಆಗಿತ್ತು.

ಭಾನುವಾರ, ಗೋಡೆಯ ಪಕ್ಕದ ಕುಳಿಯತ್ತ ಆಡುವಾಗ, ಅವರ ಹೊಡೆತ ಓರೆಯಾಗಿತ್ತು. "ಪೊದೆಗೆ ಹೋಯ್ತು, ಬಿಡಿ" ಎಂದಿದ್ದರು. ಉಳಿದಿಬ್ಬರ ಚೆಂಡೂ ಅಲ್ಲೇ ಕಳೆದಿದ್ದರಿಂದ ಯಾರೂ ಹುಡುಕಲು ಹೋಗಲಿಲ್ಲ. ಹುಲ್ಲು ಕತ್ತರಿಸುವ ಯಂತ್ರದ ಗದ್ದಲದಲ್ಲಿ ಗೋಡೆಯಾಚೆಯ ಸದ್ದೂ ಕೇಳಿಸಲಿಲ್ಲ.

ಈಗ ಹೇಳಿಬಿಡಬಹುದಿತ್ತು. ಆದರೆ ಹೋದ ತಿಂಗಳು ಇದೇ ಕೋಣೆಯಲ್ಲಿ, "ಹೆಂಗಸರ ಚೆಂಡಲ್ಲಿ ಆಡೋ ಗಂಡಸು ಬಳೆ ತೊಟ್ಕೊಂಡೇ ಬರ್ಲಿ" ಎಂದು ಜೋಕು ಹಾರಿಸಿದ್ದು ಅವರೇ. ವಕೀಲರೂ ಡಾಕ್ಟರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

"ಒಂದು ಮಾತು ಸರ್" ಎಂದ, ನಡಾವಳಿ ಬರೆಯುತ್ತಿದ್ದ ಮುದುಕ ಗುಮಾಸ್ತ. "ಮೇಡಂ ಚೆಂಡೇ ಆಗಿದ್ರೆ, ಅವರು ಹೂವು ಯಾಕೆ ಅಳಿಸ್ಬೇಕು?"

"ನಿಮ್ಮ ಕೆಲಸ ಬರೆಯೋದು. ಬರೀರಿ" ಎಂದು ವಕೀಲರು ಗದರಿದರು. ಡಾಕ್ಟರು ಕನ್ನಡಕ ತೆಗೆದು ಒರೆಸತೊಡಗಿದರು. ಸಾಹೇಬರಿಗೆ ಹೋದ ಜೀವ ಬಂದಂತಾಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಮೂವತ್ತು ವರ್ಷ ಹಿಡಿದವರು ಅವರು. ತಮ್ಮೆರಡು ಕೈಗಳನ್ನೂ ಮೇಜಿನ ಮೇಲೆ ಒತ್ತಿ ಹಿಡಿದರು.

"ಕೈ ಎತ್ತೋದು ಬೇಡ" ಎಂದರು ಡಾಕ್ಟರು, ಮೇಡಂ ಕಡೆ ನೋಡದೆ. "ಚೀಟಿಯಲ್ಲಿ ಬರೆಯೋಣ. ಇರಬೇಕಾ, ಹೋಗಬೇಕಾ, ಅವರವರ ಮನಸ್ಸಿಗೆ ಬಂದದ್ದು."

ಗುಮಾಸ್ತ ಮೂರು ಚೀಟಿ, ಮೂರು ಪೆನ್ಸಿಲು ಹಂಚಿದ.

ಸಾಹೇಬರು 'ಹೋ' ಎಂದು ಬರೆದು ನಿಲ್ಲಿಸಿದರು. ತಲೆ ಎತ್ತಿದರೆ ಡ್ರೈವರನ ಪಟ್ಟಿ ಕಂಡಿತು. ಪಕ್ಕದಲ್ಲಿ ಮೇಡಂ ನೆಟ್ಟಗೆ ನಿಂತಿದ್ದರು. ಬಾಯಿ ಬಿಟ್ಟಿದ್ದರೆ ಅವರು ಆಗಲೇ ಪಾರಾಗುತ್ತಿದ್ದರು, ಕೊಟ್ಟ ಮಾತಿಗಾಗಿ ಬಿಡಲಿಲ್ಲ. ಸಾಹೇಬರಿಗೆ ತಮ್ಮ ಮೇಲೆಯೇ ಹೇಸಿಗೆಯಾಯಿತು. ಬರೆದದ್ದನ್ನು ಹೊಡೆದುಹಾಕಿ ಕೆಳಗೆ ಎರಡೇ ಪದ ಬರೆದರು. ಚೀಟಿ ಮಡಚಿ ಮುಂದಕ್ಕೆ ತಳ್ಳಿದರು.

ಗುಮಾಸ್ತ ಮೂರನ್ನೂ ಬೆರೆಸಿ ಒಂದನ್ನು ಬಿಡಿಸಿದ. ಎರಡು ಸಲ ಓದಿಕೊಂಡ. ಆಮೇಲೆ ಗಟ್ಟಿಯಾಗಿ ಹೇಳಿದ: "ಚೆಂಡು ನನ್ನದು."

ಸಾಹೇಬರು ಎದ್ದು ನಿಂತರು. "ಬರೆದಿದ್ದು ನಾನೇ. ಮೇಡಂದು ಏನೂ ತಪ್ಪಿಲ್ಲ. ನಗೋರು ನಕ್ಕುಬಿಡಿ."

ಯಾರೂ ನಗಲಿಲ್ಲ. ಡಾಕ್ಟರ ಮುಖ ಬಿಳಿಚಿಕೊಂಡಿತ್ತು. "ಸಾಹೇಬ್ರೇ, ಅದು ನನ್ನ ಅಕ್ಷರ" ಎಂದರು.

ಗುಮಾಸ್ತ ಉಳಿದೆರಡು ಚೀಟಿಗಳನ್ನೂ ಬಿಡಿಸಿ ಅದರ ಪಕ್ಕದಲ್ಲಿಟ್ಟ. ವಕೀಲರದೂ ಸೇರಿ, ಮೂರರಲ್ಲೂ ಇದ್ದದ್ದು ಅದೇ ಎರಡು ಪದ.