ನುಂಗು ಮತ್ತು ನುಡಿ

ಲಕ್ವ ಹೊಡೆದ ಅವ್ವನ ಆಸ್ಪತ್ರೆ ಚೀಟಿಯನ್ನು ಮನೆಯಲ್ಲಿ ಓದಿ ಹೇಳಿದವಳು, ಆಗಷ್ಟೇ ನರ್ಸಿಂಗ್‌ ಸೇರಿದ್ದ ಮಗಳು ಜಯಶೀಲಾ.

"ಡಿಸ್‌ಫೇಜಿಯಾ ಅಂತ ಬರ್ದಾರ. ನುಂಗಾಕ ಆಗಂಗಿಲ್ಲ. ಗಂಜಿ ಬಿಟ್ಟು ಏನೂ ಕೊಡಬ್ಯಾಡ್ರಿ, ಅತ್ತಿಗಿ."

ರೊಟ್ಟಿಯ ತಟ್ಟೆ ಕಂಡಾಗಲೆಲ್ಲ ಅವ್ವ ಮಗಳ ಕೈ ಹಿಡಿದು ಏನೋ ತೊದಲುತ್ತಿದ್ದಳು. ಗಂಜಿಯಲ್ಲೇ ಸೊರಗಿ ಸೊರಗಿ ದೀಪಾವಳಿಗೆ ಮುಂಚೆ ತೀರಿಕೊಂಡಳು.

ಮರುವರ್ಷ ತರಗತಿಯಲ್ಲಿ ಮೇಡಂ ಬೋರ್ಡಿನ ಮೇಲೆ ಎರಡು ಪದ ಬರೆದರು.

"ಡಿಸ್‌ಫೇಜಿಯಾ ಅಂದ್ರ ನುಂಗಾಕ ಬರೂದಿಲ್ಲ. ಡಿಸ್‌ಫೇಸಿಯಾ ಅಂದ್ರ ಮಾತು ಬರೂದಿಲ್ಲ. ಇಂಗ್ಲಿಷಿನ್ಯಾಗ ಒಂದ ಅಕ್ಷರದ ಫರಕು."

ಜಯಶೀಲಾ ಎರಡನೆಯ ಪದದಿಂದ ಕಣ್ಣು ಕೀಳಲಿಲ್ಲ. ಅವ್ವನ ಚೀಟಿಯಲ್ಲಿದ್ದದ್ದು ಅದೇ.

"ಈ ಎರಡನೇದು ಇದ್ದವರಿಗೆ ಊಟಕ್ಕ ಏನು ತೊಂದ್ರಿ, ಜಯಶೀಲಾ?"

"ಏನಿಲ್ರೀ ಮೇಡಂ. ಹಸಿವಾದ್ರ ಹೇಳಾಕ ಬರಂಗಿಲ್ಲ, ಅಷ್ಟ."