ತೆರೆದಿಡತಕ್ಕದ್ದು

ಊದುಬತ್ತಿ ಕಾರ್ಖಾನೆಗೆ ಬೆಂಕಿ ಬಿದ್ದಾಗ ಬಾಗಿಲಿಗೆ ಹೊರಗಿನಿಂದ ಬೀಗ ಜಡಿದಿತ್ತು. ಒಳಗೆ ಸುಟ್ಟುಹೋದ ಒಂಬತ್ತು ಹೆಂಗಸರಲ್ಲಿ ದುರ್ಗವ್ವನ ಮಗಳೂ ಒಬ್ಬಳು. ಮುಂದೆ ಮೂರು ವರ್ಷ ದುರ್ಗವ್ವ ಶಾಸಕಿ ಇಂದುಮತಿಯವರ ಬೆನ್ನು ಬಿಡಲಿಲ್ಲ. ಕೆಲಸದ ವೇಳೆ ಬೀಗ ಹಾಕದಂತೆ ಒಂದು ಕಾನೂನು ಬೇಕು, ಅಷ್ಟೇ ಅವಳ ಹಟ. ಇಂದುಮತಿ ಅದಕ್ಕಾಗಿ ಸ್ವಂತ ಪಕ್ಷದವರೊಂದಿಗೇ ಜಗಳವಾಡಿದರು. ಕರಡನ್ನು ಅವಳೆದುರೇ ಕೂತು ಬರೆದರು.

ಮಸೂದೆ ಪಾಸಾದ ದಿನ ದುರ್ಗವ್ವ ವಿಧಾನಸಭೆಯ ಗ್ಯಾಲರಿಯಲ್ಲಿದ್ದಳು. ಮಂತ್ರಿ ಓದಿದ್ದನ್ನು ಕೇಳಿ ಅವಳು ಕೆಳಗೆ ಓಡಿದಳು. ಹೊರಗೆ ಬಂದ ಇಂದುಮತಿಯವರ ಕೈ ಹಿಡಿದುಕೊಂಡಳು.

"ಅಕ್ಕಾರ, 'ಬಾಗಿಲು ತೆರೆದಿಡತಕ್ಕದ್ದು' ಅಂತ ನೀವು ನನಗ ಓದಿ ಹೇಳಿದ್ರಿ. ಅವರು 'ತೆರೆದಿಡಬಹುದು' ಅಂದ್ರಲ್ರೀ?"

"ಹೌದು, ದುರ್ಗವ್ವ."

"ಬಹುದು ಅಂದ್ರ, ಮಾಲಕಗ ಮನಸಿಲ್ಲಂದ್ರ ಮತ್ತ ಬೀಗ ಹಾಕ್ತಾನೇನ್ರೀ?"

"ಹಾಕಬಹುದು," ಎಂದರು ಇಂದುಮತಿ.

"ಅದನ್ನ ತಿದ್ದಿದವರು ಯಾರ್ರೀ? ಹೆಸರು ಹೇಳ್ರಿ. ಹೋಗಿ ಅವರ ಕಾಲಿಗೆ ಬೀಳ್ತೀನಿ."

ಇಂದುಮತಿ ಅಲ್ಲೇ ಕುಸಿದು ದುರ್ಗವ್ವನ ಪಾದ ಹಿಡಿದುಕೊಂಡರು.

"ನಾನ ತಿದ್ದೀನವ್ವ. ಇಲ್ಲಂದ್ರ ಮಸೂದೀನ ಸದನಕ್ಕ ಬರ್ತಿದ್ದಿಲ್ಲ."