ರಕ್ತದ ಚುಕ್ಕೆ

೧೯೪೩ರ ಒಂದು ಬೆಳಿಗ್ಗೆ ನಾಜಿ ಅಧಿಕಾರಿಯೊಬ್ಬ ಯಹೂದಿಗಳನ್ನು ಹುಡುಕುತ್ತಾ ಮನೆಯೊಂದಕ್ಕೆ ನುಗ್ಗಿ, ಮೊದಲು ಅಟ್ಟವನ್ನು, ಅನಂತರ ನೆಲಮಾಳಿಗೆಯನ್ನು ಶೋಧಿಸಿ, ಕೊನೆಗೆ ಅಡುಗೆಮನೆಗೆ ಬಂದ. ಅಲ್ಲಿ ಯಹೂದಿ ಯುವತಿಯೊಬ್ಬಳು ಸುಳ್ಳು ಹೆಸರಿನಲ್ಲಿ ಅಡುಗೆಯವಳಾಗಿದ್ದಳು. ಗುರುತು ಸಿಕ್ಕರೆ ಸಾವು ಖಚಿತವಾಗಿತ್ತು.

"ತುಂಬಾ ಹಸಿವಾಗಿದೆ. ಬ್ರೆಡ್ ಕೊಡು, ಒಂದು ಮೊಟ್ಟೆ ಹುರಿ."

ಅವಳು ಅಭ್ಯಾಸಬಲದಿಂದ ಮೊಟ್ಟೆಯನ್ನು ಮೊದಲು ಲೋಟಕ್ಕೆ ಒಡೆದು ಇಣುಕಿದಳು. ಅದರಲ್ಲಿ ರಕ್ತದ ಚುಕ್ಕೆಯಿತ್ತು.

"ಏನು ನೋಡ್ತಿದ್ದೀಯ?"

"ಕೊಳೆತಿದೆಯೇನೋ ಅಂತ, ಸ್ವಾಮಿ."

"ರಕ್ತ ಕಂಡ್ರೆ ಯಹೂದಿಗಳು ತಿನ್ನಲ್ಲ, ಚೆಲ್ಲಿಬಿಡ್ತಾರೆ. ನೀನು?"

"ಮೊಟ್ಟೆ ಸಿಗೋದೇ ಕಷ್ಟ. ನಾನ್ಯಾಕೆ ಚೆಲ್ಲಲಿ?"

ಅದನ್ನೇ ಹುರಿದು ಬ್ರೆಡ್ ಜೊತೆ ಬಡಿಸಿದಳು. ಅವನು ತಟ್ಟೆ ಹಿಡಿದು ಕಿಟಕಿಯತ್ತ ತಿರುಗಿ ಕುಳಿತ. ಹೊರಡುವಾಗ ಬಾಗಿಲಲ್ಲಿದ್ದ ಸೈನಿಕರಿಗೆ ಹೇಳಿದ: "ಇಲ್ಲಿ ಯಹೂದಿಗಳು ಯಾರೂ ಇಲ್ಲ."

ಅವಳು ತಟ್ಟೆ ತೆಗೆಯಲು ಹೋದಳು. ಬ್ರೆಡ್ ಪೂರ್ತಿ ಮುಗಿದಿತ್ತು. ಮೊಟ್ಟೆಯನ್ನು ಅವನು ಮುಟ್ಟಿರಲಿಲ್ಲ.